ಮಾವನ ಮೂಗು

ಆ ಬೇಕರಿಯ ಭಟ್ಟಿಮನೆಯಲ್ಲಿ ಗಡಿಯಾರ ಇರಲಿಲ್ಲ, ಮಾವನ ಮೂಗು ಇತ್ತು. ಬನ್ನು ಯಾವಾಗ ಬೆಂದಿತು, ಬ್ರೆಡ್ಡು ಯಾವಾಗ ಹೊರಗೆ ಬರಬೇಕು, ರಸ್ಕು ಇನ್ನೆಷ್ಟು ಹೊತ್ತು ಒಣಗಬೇಕು ಎಂಬುದನ್ನೆಲ್ಲ ಮುದುಕರು ಗೋಡೆಗೊರಗಿ ಕೂತು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು. ಮಗ ಒಮ್ಮೆ ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುವ ಪುಟ್ಟ ಯಂತ್ರವೊಂದನ್ನು ತಂದು ಗೋಡೆಗೆ ತಗುಲಿಸಿದ್ದ. ಮಾವ ಅದನ್ನು ಒಂದು ವಾರ ಸಹಿಸಿಕೊಂಡು, ಆಮೇಲೆ ಬಿಚ್ಚಿ ಮೊಮ್ಮಗಳ ಕೈಗೆ ಆಟಕ್ಕೆ ಕೊಟ್ಟುಬಿಟ್ಟರು. "ಹಿಟ್ಟು ದಿನಾ ಒಂದೇ ಥರ ಇರುತ್ತೇನೋ? ಸೌದೆ ದಿನಾ ಒಂದೇ ಥರ ಉರಿಯುತ್ತೇನೋ? ಇದಕ್ಕೇನು ಗೊತ್ತು, ಸುಮ್ನೆ ಬಡ್ಕೊಳ್ಳುತ್ತೆ," ಎಂದಿದ್ದರು. ಬೀದಿಯ ಮಕ್ಕಳ ಬಾಯಲ್ಲಿ ಅವರು ಬನ್ನು ತಾತ. ದೊಡ್ಡವರ ಬಾಯಲ್ಲೂ ಅದೇ.

ಮುಂದೆ ಅಂಗಡಿ, ಹಿಂದೆ ಭಟ್ಟಿಮನೆ, ನಡುವೆ ಸಂಸಾರ. ಸೊಸೆಯ ಗಂಡ ಅಂಗಡಿಯಲ್ಲಿ ಕೂರುತ್ತಿದ್ದ, ಅತ್ತೆ ಅಡುಗೆಮನೆ ಬಿಟ್ಟು ಕದಲುತ್ತಿರಲಿಲ್ಲ, ಹೈಸ್ಕೂಲಿನ ಮಗಳು ಫೋನಿನಲ್ಲೇ ಪಾಠ ಕೇಳುತ್ತಿದ್ದಳು. ಹಿಟ್ಟು ನಾದುವುದು, ಉಂಡೆ ಕಟ್ಟುವುದು, ಟ್ರೇ ತೊಳೆಯುವುದು ಎಲ್ಲ ಸೊಸೆಯ ಪಾಲು. ಮದುವೆಯಾಗಿ ಬಂದ ವರ್ಷವೇ ಮಾವ ಅವಳ ಕೈ ನೋಡಿ, "ಈ ಹುಡುಗಿ ಕೈಗೆ ಹಿಟ್ಟು ಹೇಳಿದ ಮಾತು ಕೇಳುತ್ತೆ," ಅಂದಿದ್ದರು. ಅಷ್ಟಕ್ಕೇ ಅವಳು ಇಷ್ಟು ವರ್ಷ ಬೆನ್ನು ನೋವು ಅನ್ನದೆ ನಾದಿದ್ದಳು.

ಅವಳ ತವರು ಗಡಿಯ ಆಚೆ. ಮೊದಲೆಲ್ಲ ಅದು ದೊಡ್ಡ ಮಾತೇ ಆಗಿರಲಿಲ್ಲ. ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನದ ಊಟಕ್ಕೆ ಅಮ್ಮನ ಮನೆ. ನಡುವೆ ಒಬ್ಬ ಅಧಿಕಾರಿ ಆಕಳಿಸುತ್ತಾ ಮುದ್ರೆ ಒತ್ತಿದರೆ ಮುಗಿಯಿತು. ಈಗ ರೋಗ ಬಂದು ಗಡಿ ಮುಚ್ಚಿತ್ತು. ಮುಚ್ಚಿದ ಮೇಲೆಯೇ ಅಮ್ಮನಿಗೆ ಲಕ್ವ ಹೊಡೆಯಿತು. ಅರ್ಧ ಮೈ ಬಿತ್ತು, ಮಾತು ನಿಂತಿತು. ಆಸ್ಪತ್ರೆಯಲ್ಲಿ ಜೊತೆಗಿದ್ದ ಅಣ್ಣ ದಿನವೂ ಫೋನು ಮಾಡುತ್ತಿದ್ದ. ಪರದೆಯ ಮೇಲೆ ಅಮ್ಮನ ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು, ಇನ್ನೊಂದು ಎತ್ತಲೋ.

"ಗುರುತು ಹಿಡೀತಾಳೆ ಕಣೇ. ನಿನ್ನ ದನಿ ಕೇಳಿದ್ರೆ ಕೈ ಆಡಿಸ್ತಾಳೆ," ಅನ್ನುತ್ತಿದ್ದ ಅಣ್ಣ. "ಬೇಗ ಬಾ. ಡಾಕ್ಟ್ರು ಏನೂ ಭರವಸೆ ಕೊಡ್ತಿಲ್ಲ."

ಬೇಗ ಬಾ ಅಂದರೆ ಬರುವುದು ಹೇಗೆ? ಗಡಿ ತೆರೆದರು, ಆದರೆ ಆಚೆ ಕಾಲಿಟ್ಟ ಕೂಡಲೇ ಎರಡು ವಾರ ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಇರಬೇಕು ಅಂದರು. ಆಮೇಲೆ ಒಂದು ವಾರ ಸಾಕು ಅಂದರು. ಅದಾದ ಮೇಲೆ ಇಂಥ ಲಸಿಕೆ ಹಾಕಿಸಿಕೊಂಡವರಿಗೆ ಮಾತ್ರ ಅಂದರು, ಇವಳು ಹಾಕಿಸಿಕೊಂಡದ್ದು ಬೇರೆ ಲಸಿಕೆ. ಮುಂದಿನ ವಾರ ಅದೂ ನಡೆಯುತ್ತದೆ ಅಂದರು. ಗಂಡ ಅಂಗಡಿಯಿಂದಲೇ ಕೂಗಿ ಹೇಳುತ್ತಿದ್ದ: "ಬೆಳಿಗ್ಗೆ ಒಂದು ರೂಲ್ಸು, ಸಂಜೆ ಒಂದು ರೂಲ್ಸು. ನಮ್ಮ ಬನ್ನಾದ್ರೂ ಎರಡು ದಿನ ಮೆತ್ತಗಿರುತ್ತೆ!"

ಹೀಗಿರುವಾಗ ಒಂದು ಮಧ್ಯಾಹ್ನ ಅಣ್ಣನ ದನಿಯಲ್ಲಿ ಜೀವ ಬಂದಿತ್ತು.

"ಹೊಸದಾಗಿ ಬಂದಿದೆ, ಕೇಳು. ತಂದೆ ತಾಯಿ ಸೀರಿಯಸ್ಸು ಅಂತ ಆಸ್ಪತ್ರೆಯವರು ಬರೆದುಕೊಟ್ರೆ ಹೋಟೆಲ್ ವಾಸ ಬೇಡ. ಗಡಿಯಿಂದ ನೇರ ಆಸ್ಪತ್ರೆಗೇ ಬರಬಹುದು. ಇಲ್ಲೆಲ್ಲ ನಾನು ಮಾತಾಡಿದೀನಿ. ನೀನು ಟೆಸ್ಟು ಮಾಡಿಸ್ಬೇಕು. ಹೊರಡೋ ಹಿಂದಿನ ದಿನ ನಿಮ್ಮ ಊರಿನ ಆರೋಗ್ಯ ಕಚೇರಿಯವರು ಮನೆಗೆ ಬಂದು, ಮನೇಲಿ ಯಾರಿಗೂ ಏನೂ ಇಲ್ಲ ಅಂತ ನೋಡ್ಕೊಂಡು ಹೋಗ್ಬೇಕು. ಅಷ್ಟೇ!"

"ಅಷ್ಟೇನಾ?"

"ಅಷ್ಟೇ ಕಣೇ."

ಅವಳು ಫೋನು ಇಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಹುಸಿಮುನಿಸಿನಿಂದ ಕೊಡವಿಕೊಂಡು, "ಬಿಡೇ, ಸೀರೆಯೆಲ್ಲ ಹಿಟ್ಟು!" ಅಂದರು. ಅಂದವರೇ ಆವತ್ತಿನಿಂದ ಮನೆಯ ಕಾವಲಿಗೆ ನಿಂತರು. ಅಂಗಡಿಯಲ್ಲಿ ಬಂದ ಚಿಲ್ಲರೆಯೆಲ್ಲ ಸೋಪಿನ ನೀರಿಗೆ ಬಿತ್ತು, ನೋಟುಗಳು ಹಗ್ಗದ ಮೇಲೆ ಒಣಗಿದವು. ಗಂಡ ಅಂಗಡಿಯಿಂದ ಒಳಗೆ ಬರಬೇಕಾದರೆ ಬಚ್ಚಲಲ್ಲಿ ಮಿಂದೇ ಬರಬೇಕು. ಮಗಳು ಗೆಳತಿಯನ್ನು ನೋಡಲು ಬೀದಿಯ ತುದಿಗೆ ಹೋಗಿಬಂದದ್ದಕ್ಕೆ ಅತ್ತೆ ಒಂದು ಹೊತ್ತು ಅವಳ ಜೊತೆ ಮಾತು ಬಿಟ್ಟರು. ಸೊಸೆಗೆ ಬೇರೆ ತಟ್ಟೆ, ಬೇರೆ ಲೋಟ, ಮೈದಾ ಮೂಟೆಯ ಕೋಣೆಯಲ್ಲಿ ಬೇರೆ ಹಾಸಿಗೆ.

"ನಿನ್ನ ಗಂಡನ ಉಸಿರೂ ನಿನಗೆ ತಾಗಬಾರದು, ತಿಳೀತಾ?" ಅಂದರು ಅತ್ತೆ.

"ನಾನೇನು ಬೆಂಕಿ ಉಗುಳ್ತೀನಾ?" ಅಂದ ಗಂಡ.

"ಏನು ಉಗುಳ್ತೀಯೋ ಯಾರಿಗೆ ಗೊತ್ತು. ದಿನಾ ನೂರು ಜನರ ಮುಖ ನೋಡೋನು ನೀನು."

ಆದರೆ ರೋಗ ನೂರು ಜನರ ಮುಖ ನೋಡುವವನನ್ನು ಬಿಟ್ಟು, ಹೊಸ್ತಿಲು ದಾಟದ ಮುದುಕರ ಹತ್ತಿರ ಬಂದಿತ್ತು. ಸೌದೆ ಇಳಿಸಿದವನಿಂದಲೋ, ಹಿಟ್ಟಿನ ಮೂಟೆ ಹೊತ್ತು ತಂದವನಿಂದಲೋ, ಯಾರಿಗೆ ಗೊತ್ತು. ಮೊದಲು ಗೊತ್ತಾದದ್ದು ಭಟ್ಟಿಗೆ. ಒಂದು ಬೆಳಿಗ್ಗೆ ಬನ್ನುಗಳೆಲ್ಲ ಇದ್ದಿಲಿನ ಬಣ್ಣಕ್ಕೆ ತಿರುಗಿ ಹೊರಬಂದವು. "ಸೌದೆ ಸರಿಯಿಲ್ಲ," ಎಂದರು ಮಾವ. ಮರುದಿನ ಬ್ರೆಡ್ಡಿನ ತಳ ಸೀದಿತು. "ಈಸ್ಟು ಹಳೇದು." ಅದರ ಮರುದಿನ ರಸ್ಕು. "ಈ ಮೈದಾ ಎಲ್ಲಿಂದ ತಂದ್ಯೋ? ಅವನ ಅಂಗಡಿಗೆ ಇನ್ನು ಕಾಲಿಡಬೇಡ!" ಎಂದು ಮಗನ ಮೇಲೆ ಹರಿಹಾಯ್ದರು. ಬೀದಿಯವರು ಸುಮ್ಮನಿರುತ್ತಾರೆಯೇ? ಕ್ಷೌರದಂಗಡಿಯವನು ಬನ್ನನ್ನು ತಿರುಗಿಸಿ ನೋಡಿ, "ಬನ್ನು ತಾತನಿಗೆ ಯಾರ ಮೇಲೋ ಕೋಪ ಇದ್ದಂಗಿದೆ," ಅಂದು ಹೋದ.

ಸೊಸೆಗೆ ಅನುಮಾನ ಬಂದದ್ದು ಬನ್ನಿನಿಂದಲ್ಲ, ಚಹಾದಿಂದ. ಆವತ್ತು ಹಾಲು ಒಡೆದಿತ್ತು. ಅದನ್ನು ನೋಡದೆ ಅತ್ತೆ ಚಹಾ ಮಾಡಿ, ಭಟ್ಟಿಮನೆಯ ಕಟ್ಟೆಯ ಮೇಲೆ ಇಟ್ಟುಹೋಗಿದ್ದರು. ಸೊಸೆ ತನ್ನ ಲೋಟ ಬಾಯಿಗೆ ತಂದವಳು ವಾಸನೆಗೇ ಕೆಳಗಿಟ್ಟಳು. ಮಾವ ಅಷ್ಟರಲ್ಲಿ ಅರ್ಧ ಕುಡಿದಾಗಿತ್ತು.

"ಹೇಗಿದೆ ಮಾವ, ಚಹಾ?"

"ಚೆನ್ನಾಗಿದೆ."

"ಹಾಲು ಒಡೆದಿದೆ ಮಾವ."

ಮುದುಕರು ಲೋಟದೊಳಗೆ ನೋಡಿದರು. ಕೆನೆಯ ಚೂರುಗಳು ತೇಲುತ್ತಿದ್ದವು. ಆಮೇಲೆ ಮಿಕ್ಕದ್ದನ್ನೂ ಕುಡಿದು, ಲೋಟವನ್ನು ಬೋರಲಾಗಿ ಇಟ್ಟರು. ಇಳಿದಿದ್ದ ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಗೋಡೆಯ ಆ ತುದಿಗೆ ಸರಿದು ಕೂತರು.

"ನನ್ನ ಹತ್ತಿರ ಬರಬೇಡ ತಾಯಿ," ಅಂದರು. "ಭಾನುವಾರದಿಂದ ಹೀಗೇ. ಜ್ವರ ಇಲ್ಲ, ಕೆಮ್ಮಿಲ್ಲ. ಮೈ ಸ್ವಲ್ಪ ನೋಯ್ತಿತ್ತು, ಈಗ ಅದೂ ಇಲ್ಲ. ಮೂಗು ಮಾತ್ರ ಸತ್ತೋಗಿದೆ."

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನಿನ್ನ ಬಿಡ್ತಾರೇನಮ್ಮ? ನೀನು ಹೋಗಿ ನಿಮ್ಮಮ್ಮನ್ನ ನೋಡ್ಕೊಂಡು ಬಾ. ಆಮೇಲೆ ಬೇಕಾದ್ರೆ ಡಂಗುರ ಹೊಡೆಸೋಣ."

ಅವಳಿಗೆ ಅಳು ಬಂತು. ಮಾವನ ಮೇಲಿನ ಪ್ರೀತಿಗೋ, ತನ್ನ ಹಣೆಬರಹಕ್ಕೋ, ಅವಳಿಗೇ ತಿಳಿಯಲಿಲ್ಲ. ಅಳುತ್ತಲೇ ಲೆಕ್ಕ ಹಾಕಿದಳು: ತಾನು ದೂರದಲ್ಲೇ ಇದ್ದೆ, ಮಾಸ್ಕು ತೆಗೆದಿಲ್ಲ, ಬೇರೆ ತಟ್ಟೆ, ಬೇರೆ ಕೋಣೆ. ತನಗೆ ಬಂದಿರಲಿಕ್ಕಿಲ್ಲ. ಮನುಷ್ಯರಿಗೆ ಬೇಕಾದ ಉತ್ತರ ಬರುವ ಹಾಗೆ ಲೆಕ್ಕ ಹಾಕುವುದು ಯಾರೂ ಕಲಿಸಬೇಕಾದ ವಿದ್ಯೆಯಲ್ಲ.

ಅಂದಿನಿಂದ ಅವಳೇ ಮಾವನ ಮೂಗಾದಳು. ಭಟ್ಟಿಮನೆಯ ಈ ತುದಿಯಲ್ಲಿ, ಕಿಟಕಿಯ ಪಕ್ಕ, ಬೆನ್ನು ತಿರುಗಿಸಿ ನಾದುತ್ತಾ ನಿಲ್ಲುವಳು. ಮಾಸ್ಕನ್ನು ಒಂದು ಗಳಿಗೆ ಸಡಿಲಿಸಿ, ಹದ ಬಂತು ಅನ್ನಿಸಿದಾಗ, "ಮಾವ," ಅನ್ನುವಳು. ಅಷ್ಟೇ. ಮುದುಕರು ಉದ್ದ ಹಿಡಿಯ ಹಲಗೆ ನುಗ್ಗಿಸಿ ಟ್ರೇ ಹೊರಗೆಳೆಯುವರು. ಎರಡು ದಿನಕ್ಕೆ ಬನ್ನು ಮೊದಲಿನ ಬಣ್ಣಕ್ಕೆ ಬಂತು. "ತಾತನ ಕೋಪ ಇಳೀತು," ಅಂದ ಕ್ಷೌರದಂಗಡಿಯವನು.

ಮನೆಯಲ್ಲಿ ಗುಟ್ಟು ಎಷ್ಟು ದಿನ ನಿಲ್ಲುತ್ತದೆ? ಮೊದಲು ಅತ್ತೆಗೆ ತಿಳಿಯಿತು, ಅತ್ತೆಯಿಂದ ಗಂಡನಿಗೆ. ಸಂಜೆ ಅಡುಗೆಮನೆಯಲ್ಲಿ ಪಿಸುಮಾತಿನ ಜಗಳ ನಡೆಯಿತು. ತರಕಾರಿ ಹೆಚ್ಚುತ್ತಿದ್ದ ಅತ್ತೆಯ ಕೈ ನಿಲ್ಲಲಿಲ್ಲ.

"ಅಪ್ಪನ್ನ ಟೆಸ್ಟಿಗೆ ಕರ್ಕೊಂಡು ಹೋಗೋದು ಒಳ್ಳೇದಲ್ವಾ ಅಮ್ಮ? ವಯಸ್ಸಾಗಿದೆ," ಅಂದ ಗಂಡ.

"ಕರ್ಕೊಂಡು ಹೋಗಿ? ಅಂಗಡಿಗೆ ಬೀಗ ಹಾಕಿಸ್ತೀಯಾ? ಇವಳ ಪ್ರಯಾಣಕ್ಕೆ ಕಲ್ಲು ಹಾಕ್ತೀಯಾ? ಅವರು ಕಲ್ಲುಗುಂಡಿನ ಹಾಗೆ ಓಡಾಡ್ಕೊಂಡಿದಾರೆ. ಮೂಗು ಇವತ್ತಲ್ಲ ನಾಳೆ ಬರುತ್ತೆ."

"ಅಂಗಡಿ ಮುಚ್ಚಿದ್ರೆ ಕಷ್ಟಾನೇ," ಎಂದು ಅವನು ತಲೆ ಕೆರೆದುಕೊಂಡ. ಅವನ ಧೈರ್ಯ ಯಾವಾಗಲೂ ಅಷ್ಟೇ ಉದ್ದ.

ಆಗ ಬಾಗಿಲಲ್ಲಿ ಮಗಳು ನಿಂತಿದ್ದಳು. ಫೋನಿನ ಪಾಠದ ವೈರು ಇನ್ನೂ ಕಿವಿಯಲ್ಲೇ ಇತ್ತು.

"ತಾತನಿಗೆ ಬಂದಿದೆ, ಅಲ್ವಾ?"

"ಏನೂ ಇಲ್ಲ, ಓದ್ಕೋ ಹೋಗು," ಅಂದರು ಅತ್ತೆ.

"ನಾನೇನು ಪಾಪುನಾ? ಅಮ್ಮ, ನಿನಗೂ ಗೊತ್ತಾ?"

ಒಂದು ಮೂಲೆಯಲ್ಲಿ ದೂರ ನಿಂತು ಕೇಳುತ್ತಿದ್ದ ಸೊಸೆ ಮಾಸ್ಕನ್ನು ಕಣ್ಣಿನವರೆಗೆ ಎಳೆದುಕೊಂಡಳು.

"ಅಲ್ಲಮ್ಮ, ನೀನು ಅಜ್ಜೀನ ನೋಡೋಕೆ ಹೋಗ್ತಿದೀಯೋ, ಅಜ್ಜಿಗೆ ರೋಗ ಕೊಟ್ಟು ಬರೋಕೆ ಹೋಗ್ತಿದೀಯೋ?"

ಗಂಡ ಕೈ ಎತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಇಳಿಸಿದ. "ದೊಡ್ಡವರ ಮಾತಲ್ಲಿ ಬಾಯಿ ಹಾಕಬೇಡ," ಅಂದ. ಮಗಳು ಕಾಲು ಅಪ್ಪಳಿಸುತ್ತಾ ಹೋದಳು. ಆವತ್ತು ಊಟಕ್ಕೆ ಕೂತವರು ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಸೊಸೆ ಮೈದಾ ಕೋಣೆಯಲ್ಲಿ ಮೂಟೆಗೊರಗಿ ಕೂತು ಒಂದು ತುತ್ತನ್ನೇ ಬಹಳ ಹೊತ್ತು ಅಗಿದಳು. ಮಗಳ ಮೇಲೆ ಅವಳಿಗೆ ಸಿಟ್ಟು ಬಂದಿತ್ತು. ಆ ಮಾತು ತನ್ನೊಳಗೆ ಆಗಲೇ ಇತ್ತು, ಮಗಳು ಅದನ್ನು ಬಾಯಿಬಿಟ್ಟು ಹೇಳಿದಳು ಅನ್ನುವುದೇ ಆ ಸಿಟ್ಟಿಗೆ ಕಾರಣ.

ಟೆಸ್ಟು ಮಾಡಿಸಿಕೊಂಡು ಬಂದಳು. ಮೂಗಿನೊಳಗೆ ಕಡ್ಡಿ ಹೋದಾಗ ಕಣ್ಣಲ್ಲಿ ನೀರು ಬಂತು, ಆ ನೀರಿನ ಜೊತೆಗೇ ಅಷ್ಟು ದಿನದ್ದೆಲ್ಲ ಬಂತು. ಕಡ್ಡಿ ಹಾಕಿದ ಹುಡುಗ ಗಾಬರಿಯಾಗಿ, "ಅಷ್ಟೊಂದು ನೋವಾಯ್ತಾ ಅಕ್ಕ?" ಅಂದ. ಫಲಿತಾಂಶ ನೆಗೆಟಿವ್ ಬಂತು. ಅತ್ತೆ ದೇವರ ಮುಂದೆ ದೀಪ ಹಚ್ಚಿದರು. ಬಟ್ಟೆಯ ಚೀಲ ತುಂಬಿಸಿದರು, ಬೀಗಿತ್ತಿಗೆಂದು ಹಾಲಲ್ಲಿ ನೆನೆಸಿ ಕೊಡಬಹುದಾದ ರಸ್ಕು ಕಟ್ಟಿದರು. ಒಂದು ದಿನ ಬಿಟ್ಟು ಬೆಳಿಗ್ಗೆ ಬಸ್ಸು. ನಡುವೆ ಆರೋಗ್ಯ ಕಚೇರಿಯವರೊಬ್ಬರು ಬಂದು ಹೋದರೆ ಮುಗಿಯಿತು.

ಮರುದಿನ, ಮಧ್ಯಾಹ್ನ ಬರುತ್ತೇನೆಂದು ಹೇಳಿದ್ದ ಆರೋಗ್ಯದ ಹೆಂಗಸು ಬೆಳಿಗ್ಗೆಯೇ ಬಂದಳು. ಭಟ್ಟಿಗೆ ಬನ್ನಿನ ಟ್ರೇ ಆಗಷ್ಟೇ ಹೋಗಿತ್ತು. ಮೈಮೇಲೆ ಪ್ಲಾಸ್ಟಿಕ್ಕಿನ ಅಂಗಿ, ಮುಖಕ್ಕೆ ಒಂದರ ಮೇಲೊಂದು ಎರಡು ಮಾಸ್ಕು, ಅದರ ಮೇಲೆ ಪಾರದರ್ಶಕ ಹಾಳೆ. ಬೆವರಿಗೆ ಹಾಳೆಯೆಲ್ಲ ಮಬ್ಬಾಗಿತ್ತು. ಪಾಪ, ದಿನಕ್ಕೆ ಎಷ್ಟು ಮನೆ ಹತ್ತಿ ಇಳಿಯುತ್ತಿದ್ದಳೋ. ನಡುಮನೆಯ ಬಾಗಿಲ ಹತ್ತಿರ, ಒಳಗಿನ ಓಣಿಗೆ ಬೆನ್ನು ಹಾಕಿ ಕುರ್ಚಿಯಲ್ಲಿ ಕುಸಿದಳು.

"ಎಲ್ಲರೂ ಬನ್ನಿ, ದೂರ ದೂರ ನಿಂತ್ಕೊಳ್ಳಿ. ತಾತಾ, ನೀವೂ."

ಮಾವ ಹಿಟ್ಟಿನ ಕೈ ಒರೆಸಿಕೊಂಡು ಬಂದು, ಅವಳಿಂದ ದೂರದಲ್ಲಿ ತಾವೂ ಓಣಿಗೆ ಬೆನ್ನು ಹಾಕಿ ನಿಂತರು. ಅವಳು ಒಬ್ಬೊಬ್ಬರ ಹಣೆಗೂ ಜ್ವರದ ಯಂತ್ರ ಹಿಡಿದಳು. ಯಾರಿಗೂ ಜ್ವರವಿಲ್ಲ. ಕೆಮ್ಮು? ಇಲ್ಲ. ಮೈಕೈ ನೋವು? "ಕೆಲಸ ಮಾಡೋರಿಗೆ ಇರೋದೇ," ಅಂದ ಗಂಡ, ನಗಲು ನೋಡಿದ.

ಅಷ್ಟರಲ್ಲಿ ಒಳಗಿನಿಂದ ಬನ್ನಿನ ಪರಿಮಳ ಬಂತು. ಸರಿಯಾದ ಹದ, ಈಗಲೇ ತೆಗೆಯಬೇಕು. ಸೊಸೆಯ ನಾಲಿಗೆ ತುದಿಗೆ "ಮಾವ" ಅನ್ನುವ ಮಾತು ಬಂದು ನಿಂತಿತು. ಕೂಗಿದರೆ, ಯಾಕೆ ಕೂಗಿದಿರಿ ಎಂದು ಆ ಹೆಂಗಸು ಕೇಳಿದರೆ? ಸೊಸೆ ಬಾಯಿ ಮುಚ್ಚಿದಳು. ಪರಿಮಳ ದಾಟಿತು. ಸೀಯುವ ಮೊದಲಿನ ಆ ಕಹಿ ವಾಸನೆ ಓಣಿಯಿಂದ ಸಣ್ಣಗೆ ಹರಿದು ಬಂತು. ಗಂಡ ಅತ್ತೆಯನ್ನು ನೋಡಿದ, ಅತ್ತೆ ಸೊಸೆಯನ್ನು ನೋಡಿದರು, ಮಗಳು ನೆಲ ನೋಡಿದಳು.

"ರೀ," ಅಂದರು ಅತ್ತೆ, ಮೆತ್ತಗೆ. "ಒಳಗೆ ಹೋಗಿ ಇವರಿಗೆ ಸ್ವಲ್ಪ ನೀರು ತನ್ನಿ."

"ಇರೇ, ಅವರು ಕೇಳ್ತಿದಾರೆ," ಅಂದರು ಮಾವ.

"ನೀರು ಬೇಡಮ್ಮ, ಮಾಸ್ಕು ತೆಗೆಯೋ ಹಾಗಿಲ್ಲ," ಅಂದಳು ಆರೋಗ್ಯದ ಹೆಂಗಸು. "ತಾತಾ, ವಾಸನೆ, ರುಚಿ ಎಲ್ಲ ಚೆನ್ನಾಗಿ ಗೊತ್ತಾಗುತ್ತಾ?"

ಮುದುಕರಿಗೆ ಈ ಪ್ರಶ್ನೆ ಬರುತ್ತದೆಂದು ಗೊತ್ತಿತ್ತು. ಉತ್ತರವನ್ನು ನಾಲ್ಕು ದಿನದಿಂದ ಉಜ್ಜಿ ಹೊಳಪು ಮಾಡಿ ಇಟ್ಟುಕೊಂಡಿದ್ದರು.

"ವಾಸನೇನಾ? ಈ ಬೀದೀಲಿ ಯಾರನ್ನಾದ್ರೂ ಕೇಳಿ ತಾಯಿ. ನಮ್ಮ ಭಟ್ಟಿಗೆ ಗಡಿಯಾರ ಇಲ್ಲ, ಇದೇ ಮೂಗು," ಎಂದು ಮಾಸ್ಕಿನ ಮೇಲಿಂದ ತಟ್ಟಿ ತೋರಿಸಿದರು. "ಈಗ ಒಳಗೆ ಬನ್ನಿದೆ. ಇಲ್ಲಿಂದಲೇ ಹೇಳ್ತೀನಿ, ಬಣ್ಣ ಬರೋಕೆ ಇನ್ನೂ ಹೊತ್ತಿದೆ."

ಓಣಿಯಲ್ಲಿ ನೀಲಿ ಹೊಗೆ ಎದ್ದಿತ್ತು. ಆರೋಗ್ಯದ ಹೆಂಗಸಿನ ಬೆನ್ನು ಅತ್ತ, ಮೂಗು ಎರಡು ಮಾಸ್ಕಿನ ಒಳಗೆ. ಅವಳು ತಲೆಯಾಡಿಸಿ ಎದ್ದಳು. "ಸರಿ ಹಾಗಾದ್ರೆ. ಎಲ್ಲ ಸರಿಯಾಗಿದೆ. ನೀವು ಹೋಗಬಹುದು," ಅಂದಳು ಸೊಸೆಗೆ.

ನೀವು ಹೋಗಬಹುದು. ಈ ಮಾತಿಗಾಗಿ ಅವಳು ಎಷ್ಟು ತಿಂಗಳು ಕಾದಿದ್ದಳು! ಆರೋಗ್ಯದ ಹೆಂಗಸು ಒಳ್ಳೆಯವಳು. ಸುಮ್ಮನೆ ಹೋಗಬಹುದಿತ್ತು, ಹೋಗಲಿಲ್ಲ.

"ಪುಣ್ಯ ಮಾಡಿದೀರಿ ಅಕ್ಕ. ನಮ್ಮಲ್ಲಾದ್ರೆ ಗಾಜಿನ ಆಚೆಯಿಂದ ಕೈ ಬೀಸಬೇಕು. ಅಲ್ಲಿ ಪಕ್ಕದಲ್ಲೇ ಕೂರೋಕೆ ಬಿಡ್ತಾರಂತೆ. ಅಮ್ಮನ ಕೈ ಹಿಡ್ಕೊಬಹುದು, ಮುತ್ತು ಕೊಡಬಹುದು."

ಸೊಸೆಗೆ ಅಮ್ಮನ ಮುಖ ಕಂಡಿತು. ಆ ಮುಖದ ಮೇಲೆ ಬಾಗುವ ತನ್ನ ಮುಖವೂ ಕಂಡಿತು. ನಿನ್ನೆ ನೆಗೆಟಿವ್ ಬಂದವಳಿಗೆ ನಾಳೆ ಬರುವುದಿಲ್ಲವೆಂದು ಯಾರು ಹೇಳಿದರು?

"ಮಾವನಿಗೆ ವಾಸನೆ ಗೊತ್ತಾಗಲ್ಲ," ಅಂದಳು.

ಆರೋಗ್ಯದ ಹೆಂಗಸು ಅವಳತ್ತ ಬಾಗಿದಳು.

"ಏನಂದ್ರಿ?"

"ಎಂಟು ದಿನದಿಂದ ಗೊತ್ತಾಗ್ತಿಲ್ಲ. ಒಳಗೆ ಬನ್ನು ಸೀದು ಹೋಗ್ತಿದೆ, ತಿರುಗಿ ನೋಡಿ. ನಮಗೆಲ್ಲ ಗೊತ್ತಿತ್ತು. ನನಗೂ."

ಮಾವ ತಿರುಗಿ ನೋಡಿದರು. ಹೊಗೆ ಕಂಡಿತು. ಮೊದಲು ಭಟ್ಟಿಯತ್ತ ನಾಲ್ಕು ಹೆಜ್ಜೆ ಓಡಿದರು, ಆಮೇಲೆ ಯಾಕೋ ನಿಂತು, ಗೋಡೆ ಹಿಡಿದುಕೊಂಡರು. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಮಗಳು ಓಡಿಹೋಗಿ ಟ್ರೇ ಎಳೆದಳು, ಎಳೆಯುವಾಗ ಬೆರಳು ಸುಟ್ಟುಕೊಂಡಳು.

ಆರೋಗ್ಯದ ಹೆಂಗಸಿಗೆ ಕೋಪ ಬರಲಿಲ್ಲ, ಬಂದಿದ್ದರೆ ಒಳ್ಳೆಯದಿತ್ತು. "ಅಯ್ಯೋ ಅಕ್ಕ," ಅಂದಳು ಅಷ್ಟೇ.

ಸಂಜೆಯ ಹೊತ್ತಿಗೆ ಅಂಗಡಿಯ ಶಟರಿಗೆ ಅಡ್ಡಪಟ್ಟಿ ಬಿತ್ತು. ಎಲ್ಲರಿಗೂ ಕಡ್ಡಿ ಹಾಕಿದರು. ಬಂದದ್ದು ಮಾವನಿಗೆ ಮಾತ್ರ. ಅವರ ಹಾಸಿಗೆ ಭಟ್ಟಿಮನೆಗೆ ಹೋಯಿತು. ನಿಯಮ ಹೇಳಿದರು: ಮನೆಯಲ್ಲಿ ಕೊನೆಯವರಿಗೆ ಬಂದ ದಿನದಿಂದ ಹತ್ತು ದಿನ. ಅದಾದ ಮೇಲೆ ಮತ್ತೆ ಟೆಸ್ಟು, ಮತ್ತೆ ಅರ್ಜಿ. "ಹತ್ತು ದಿನ ತಾನೇ," ಎಂದ ಗಂಡ. ಅಣ್ಣ ಮಾತ್ರ ಫೋನಿನಲ್ಲಿ ಕೂಗಾಡಿದ.

"ಆ ಹೆಂಗಸು ಹೋಗ್ತಿದ್ದಳಲ್ಲೇ! ನಿನ್ನ ಬಾಯಿಗೆ ಏನಾಗಿತ್ತು? ಅಮ್ಮ ದಿನಾ ಬಾಗಿಲು ನೋಡ್ತಾಳೆ. ದೊಡ್ಡ ಸತ್ಯವಂತೆ!"

"ಅಮ್ಮನಿಗೆ ನಾನೇ ರೋಗ ತಂದಿದ್ರೆ?"

"ತರ್ತಿದ್ದೆ ಅಂತ ಏನು ಗ್ಯಾರಂಟಿ?"

"ತರ್ತಿರಲಿಲ್ಲ ಅಂತ ಏನಣ್ಣ ಗ್ಯಾರಂಟಿ?"

ಇಬ್ಬರೂ ಅತ್ತರು.

ಮಾವ ಅವಳ ಜೊತೆ ಮಾತು ಬಿಟ್ಟರು. ಬಾಗಿಲ ಬಳಿ ತಟ್ಟೆ ಇಟ್ಟು "ಮಾವ, ಊಟ" ಅಂದರೆ ಉತ್ತರವಿಲ್ಲ. ಅವಳು ಆಚೆ ಹೋದ ಮೇಲೆ ಬಾಗಿಲು ಕಿರ್ರೆನ್ನುತ್ತಿತ್ತು. ಹಾಗೇ ಕೆಲವು ದಿನ ಕಳೆದ ಮೇಲೆ ಬಾಗಿಲ ಹಿಂದಿನಿಂದ ದನಿ ಬಂತು.

"ಬೀದಿ ಮುಂದೆ ನನ್ನ ಮಾನ ತೆಗೆದೆ, ಅದು ಹೋಗ್ಲಿ. ನಿನಗೋಸ್ಕರ ತಾನೇ ಮುಚ್ಚಿಟ್ಟಿದ್ದು ನಾನು?"

"ಹೌದು ಮಾವ. ನೀವು ನನಗೋಸ್ಕರ ಮುಚ್ಚಿಟ್ರಿ, ನಾನು ಅಮ್ಮನಿಗೋಸ್ಕರ ಹೇಳಿದೆ. ಎರಡೂ ಕೆಲಸಕ್ಕೆ ಬರಲಿಲ್ಲ."

ಬಾಗಿಲು ಕಿರ್ರೆಂದಿತು, ತಟ್ಟೆ ಒಳಗೆ ಹೋಯಿತು. "ಸಾರಿಗೆ ಉಪ್ಪು ಹಾಕಿದೀಯೇನಮ್ಮ?" ಎಂದರು ಆಮೇಲೆ. "ನನಗಂತೂ ಗೊತ್ತಾಗಲ್ಲ."

"ಹಾಕಿದೀನಿ ಮಾವ."

ಹತ್ತು ದಿನ ಮುಗಿಯುತ್ತಾ ಬಂತು. ಅತ್ತೆ ಬಿಚ್ಚಿಟ್ಟಿದ್ದ ಚೀಲವನ್ನು ಮತ್ತೆ ತುಂಬಿಸತೊಡಗಿದರು. ಆಗ ಗಂಡನಿಗೆ ಜ್ವರ ಬಂತು. ಅವನು ಅದನ್ನು ಅರ್ಧ ದಿನ ಮುಚ್ಚಿಡಲು ನೋಡಿದ, ನಡುಗುತ್ತಾ, "ಫ್ಯಾನು ಜೋರಾಗಿದೆ," ಅಂದ. ಫ್ಯಾನು ತಿರುಗುತ್ತಲೇ ಇರಲಿಲ್ಲ. ಮಗಳಿಗೂ ಅವನ ಜೊತೆಗೇ ಬಂತು. ಲೆಕ್ಕ ಮತ್ತೆ ಮೊದಲಿನಿಂದ.

ಅಪ್ಪ ಮಗಳು ಒಂದು ಕೋಣೆ ಸೇರಿದರು. ಮಾವ ಅಷ್ಟರಲ್ಲಿ ಚೇತರಿಸಿಕೊಂಡಿದ್ದರು, ಆದರೆ ಮೆಟ್ಟಿಲು ಹತ್ತಿದ ಹಾಗೆ ಏದುಸಿರು ಬಿಡುತ್ತಿದ್ದರು. ಸೊಸೆ ಬಿಸಿನೀರು ಕಾಯಿಸಿದಳು, ಗಂಜಿ ಮಾಡಿದಳು, ತಟ್ಟೆಗಳನ್ನು ಕುದಿಸಿದಳು, ಬೆವರಿನ ಬಟ್ಟೆ ಒಗೆದು ಒಗೆದು ಕೈ ಬಿರಿದವು. ಹೋಗಿ ಬರುವಾಗೆಲ್ಲ ಸೋಪು, ಎರಡು ಮಾಸ್ಕು. ಬಾಗಿಲಿನಿಂದ ಒಳಗೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮಗಳು ಜ್ವರದಲ್ಲಿ "ಅಮ್ಮಾ" ಎಂದು ನರಳುವಾಗಲೂ ಹೊಸ್ತಿಲ ಈಚೆ ನಿಂತು, "ಇಲ್ಲೇ ಇದೀನಿ ಪುಟ್ಟಿ," ಅಂದಳು. ತನ್ನ ಮಗಳ ಹಣೆ ಮುಟ್ಟದೆ, ತನ್ನ ಅಮ್ಮನ ಕೈ ಮುಟ್ಟಲು ಮೈ ಕಾಪಾಡಿಕೊಳ್ಳುತ್ತಿದ್ದಳು. ಇದು ನ್ಯಾಯವೇ ಎಂದು ಕೇಳಲು ಅವಳಿಗೆ ಪುರುಸೊತ್ತು ಇರಲಿಲ್ಲ. ಇದ್ದಿದ್ದರೂ ಯಾರನ್ನು ಕೇಳಬೇಕಿತ್ತು?

"ಅಮ್ಮ, ಆವತ್ತು ನಾನು ಅಂದದ್ದಕ್ಕೇ ನೀನು ಹೇಳಿಬಿಟ್ಟೆಯಾ?" ಎಂದು ಒಂದು ದಿನ ಮಗಳು ಬಾಗಿಲ ಸಂದಿಯಿಂದ ಕೇಳಿದಳು.

"ಇಲ್ಲ, ಗಂಜಿ ಕುಡಿ."

"ನಾನು ಸುಮ್ನಿರಬೇಕಿತ್ತು."

"ಗಂಜಿ ಆರುತ್ತೆ, ಕುಡಿ."

ಅವರಿಬ್ಬರೂ ಎದ್ದು ಕೂರುವ ಹೊತ್ತಿಗೆ ಅತ್ತೆ ಮಲಗಿದರು. ಸೊಸೆ ಆಗ ಮೊದಲ ಸಲ ಕೈಚೆಲ್ಲಿ ಅಂಗಳದಲ್ಲಿ ಕೂತುಬಿಟ್ಟಳು. ಒಬ್ಬರಾದ ಮೇಲೆ ಒಬ್ಬರು, ಹೇಳಿ ಮಾಡಿಸಿದ ಹಾಗೆ ಸರದಿಯಲ್ಲಿ. ಅತ್ತೆ ಕಿಟಕಿಯ ಸರಳು ಹಿಡಿದು, "ನನ್ನ ಕೊಂದುಬಿಡೇ, ಲೆಕ್ಕ ಮುಗೀಲಿ," ಎಂದು ಗೋಳಾಡಿದರು. "ಸೊಸೆ ತಾಯಿ ಮುಖ ನೋಡೋಕೆ ಅಡ್ಡ ಬಂದ ಅತ್ತೆ ಅಂತ ಜನ ಆಡ್ಕೊಳ್ಳೋ ಹಾಗಾಯ್ತಲ್ಲ!"

"ಸುಮ್ನಿರಿ ಅತ್ತೆ. ಉಸಿರು ಕಟ್ಟುತ್ತೆ."

"ನಿನಗೆ ಮಾತ್ರ ಬರಲಿಲ್ಲ ನೋಡು. ಅಷ್ಟು ಜೋಪಾನ ಮಾಡ್ಕೊಂಡಿದೀಯ. ಇನ್ನು ಹತ್ತೇ ದಿನ ತಡಿ ಮಗಳೇ."

ನಿಜ, ಅವಳಿಗೆ ಮಾತ್ರ ಬರಲೇ ಇಲ್ಲ. ಪ್ರತಿ ಟೆಸ್ಟೂ ನೆಗೆಟಿವ್. ಆರೋಗ್ಯದ ಹೆಂಗಸು ಅಂಗಳದಾಚೆಯಿಂದ ಅದನ್ನು ಹೇಳುವಾಗ ಪ್ರತಿ ಸಲವೂ ತಪ್ಪಿತಸ್ಥಳ ಹಾಗೆ ದನಿ ತಗ್ಗಿಸುತ್ತಿದ್ದಳು. ಮೇಲಿನವರನ್ನು ಕೇಳಿ ನೋಡಿದ್ದಳಂತೆ. ನಿಯಮ ಮನೆಗೆ, ಮನುಷ್ಯರಿಗಲ್ಲ ಎಂದರಂತೆ.

ಅಣ್ಣ ಫೋನು ಮಾಡುತ್ತಲೇ ಇದ್ದ. ಕೂಗಾಟ ನಿಂತಿತ್ತು. ಫೋನನ್ನು ಅಮ್ಮನ ಕಿವಿಯ ಹತ್ತಿರ ಹಿಡಿಯುತ್ತಿದ್ದ, ಇವಳು ಒಲೆಯ ಮುಂದೆ ನಿಂತು ಮಾತಾಡುತ್ತಿದ್ದಳು. "ಅಮ್ಮ, ಬರ್ತೀನಿ. ಚೀಲ ರೆಡಿ ಇದೆ. ಅತ್ತೆಗೆ ಹುಷಾರಾದ ಕೂಡಲೇ ಬರ್ತೀನಿ." ಪರದೆಯ ಮೇಲೆ ಕೈ ಆಡುವುದು ಕಡಿಮೆಯಾಗುತ್ತಾ ಬಂದಿತ್ತು.

ಆವತ್ತು ಬೆಳಿಗ್ಗೆ ಅವಳು ಗಂಜಿಗೆ ನೀರಿಟ್ಟಿದ್ದಳು. ಅಣ್ಣನ ಫೋನು ಬಂತು. ಯಾವಾಗಲೂ ಮುಖ ಕಾಣುವ ಹಾಗೆ ಮಾಡುವವನು ಇವತ್ತು ಬರೀ ದನಿಯಲ್ಲಿ ಮಾಡಿದ್ದ. ಅಷ್ಟರಲ್ಲೇ ಅವಳಿಗೆ ಗೊತ್ತಾಯಿತು.

"ಅಮ್ಮ ಹೋದಳು ಕಣೇ."

ಅವಳು ಕೂಗಲಿಲ್ಲ. ಫೋನನ್ನು ಕಟ್ಟೆಯ ಮೇಲಿಟ್ಟು ಒಲೆ ಆರಿಸಿದಳು. ಅಂಗಳಕ್ಕೆ ಬಂದು ನಿಂತಳು. ಅವಳ ಮುಖ ನೋಡಿದ ಮಾವ ಭಟ್ಟಿಮನೆಯ ಬಾಗಿಲಿಗೆ ಬಂದರು, ಗಂಡ ಕೋಣೆಯ ಬಾಗಿಲಿಗೆ ಬಂದ, ಮಗಳು ಅವನ ಬೆನ್ನ ಹಿಂದಿನಿಂದ ಇಣುಕಿದಳು. ಎಲ್ಲರಿಗೂ ಅರ್ಥವಾಯಿತು. ಯಾರೂ ಹೊಸ್ತಿಲು ದಾಟಲಿಲ್ಲ. ಇಷ್ಟು ವಾರ ಅವಳೇ ಅವರಿಗೆ ಕಲಿಸಿದ್ದು ಅದನ್ನೇ. ಗಂಡ ಅಲ್ಲೇ ಚೌಕಟ್ಟಿಗೆ ತಲೆ ಆನಿಸಿ ಅತ್ತ. ಮಾವ ಎರಡೂ ಕೈ ಮುಂದೆ ಚಾಚಿ, ಏನು ಮಾಡಬೇಕೆಂದು ತಿಳಿಯದೆ ಹಾಗೇ ನಿಂತರು.

"ಯಾಕೆ? ಏನಾಯ್ತು? ಯಾರಾದ್ರೂ ಹೇಳ್ರೋ!" ಎಂದು ಒಳಗಿನಿಂದ ಅತ್ತೆ ಕೆಮ್ಮುತ್ತಾ ಕೂಗಿದರು.

ಸೊಸೆ ಆ ಕೋಣೆಯತ್ತ ನಡೆದಳು. ಹೊಸ್ತಿಲ ಬಳಿ ನಿಂತು ಮೇಲಿನ ಮಾಸ್ಕು ತೆಗೆದಳು, ಆಮೇಲೆ ಕೆಳಗಿನದನ್ನೂ. ಒಳಗೆ ಕಾಲಿಟ್ಟಳು.

"ಬರಬೇಡ!" ಅತ್ತೆ ಗೋಡೆಗೆ ಸರಿದು, ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡರು. "ಹುಚ್ಚು ಹಿಡೀತೇನೇ ನಿನಗೆ? ಹೊರಗೆ ಹೋಗು! ನಿನಗೂ ಬರುತ್ತೆ, ಆಮೇಲೆ ನಿಮ್ಮಮ್ಮನ ಹತ್ತಿರ ಹೇಗೆ..."

ಮಾತು ಅಲ್ಲೇ ನಿಂತಿತು. ಸೊಸೆ ಮಂಚದ ಪಕ್ಕ ನೆಲದ ಮೇಲೆ ಕೂತು, ಅತ್ತೆಯ ತೊಡೆಯ ಮೇಲೆ ತಲೆ ಇಟ್ಟಳು. ಜ್ವರದ ಮೈ ಸುಡುತ್ತಿತ್ತು.

"ಇನ್ನು ಯಾರಿಗೋಸ್ಕರ ಅತ್ತೆ?" ಅಂದಳು.

ಅತ್ತೆಯ ಕೈ ಬಾಯಿಗೊತ್ತಿದ್ದ ಹೊದಿಕೆಯನ್ನು ಬಿಟ್ಟಿತು. ಆಮೇಲೆ ಅವಳ ತಲೆಯ ಮೇಲೆ ಬಂದು ಕೂತಿತು.